ಕಾಲೇಜ್ ಫುಟ್‌ಬಾಲ್ ಊರುಗಳ ಜನಸಂಖ್ಯೆ ಹೋಲಿಸುವುದು ಹೇಗೆ: ಗಡಿಯಿಂದ ಸ್ಟೇಡಿಯಂವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಸ್ಟೇಟ್ ಕಾಲೇಜ್ ಅನ್ನುವುದು ಕಾಲೇಜಿನ ಹೆಸರಲ್ಲ, ಊರಿನ ಹೆಸರು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಟ್ಟನಡುವೆ, ಬೆಟ್ಟಸಾಲುಗಳ ಮಧ್ಯೆ ಇದೆ. 2020ರ ಜನಗಣತಿಯಲ್ಲಿ ಅಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 40,501 ಜನ. ಅಲ್ಲಿನ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನ ಬೀವರ್ ಸ್ಟೇಡಿಯಂ. ಅದರ ಸೀಟು, ಇತ್ತೀಚಿನ ನವೀಕರಣಕ್ಕೆ ಮುಂಚಿನ ಲೆಕ್ಕದಲ್ಲಿ, 1,06,572. ಊರಿನ ಕೈಗೂಸಿನಿಂದ ಹಿಡಿದು ಅಜ್ಜ ಅಜ್ಜಿಯವರೆಗೆ ಎಲ್ಲರೂ ಹೋಗಿ ಕೂತರೂ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಉಳಿಯುತ್ತದೆ.

ಎರಡು ವರ್ಷದ ಹಿಂದೆ ಅಕ್ಕನ ಮಗನಿಗೆ ಎರಡು ಕಡೆ ಎಂ.ಎಸ್. ಸೀಟು ಸಿಕ್ಕಿತು. ಒಂದು ಪೆನ್ ಸ್ಟೇಟ್, ಇನ್ನೊಂದು ಸೌತ್ ಕ್ಯಾರೊಲಿನಾದ ಕ್ಲೆಮ್ಸನ್. ಅಕ್ಕ ಫೋನ್ ಮಾಡಿ, "ಎರಡರಲ್ಲಿ ಯಾವ ಊರು ದೊಡ್ಡದು ಹೇಳೋ. ತೀರಾ ಕೊಂಪೆ ಆದ್ರೆ ಹುಡುಗನಿಗೆ ಬೇಜಾರಾಗತ್ತೆ" ಅಂದಳು. ನಾನು ಗೂಗಲ್‌ನಲ್ಲಿ ಮೊದಲು ಕಂಡ ಎರಡು ಅಂಕಿ ಹೇಳಿದೆ: 40 ಸಾವಿರ, 17 ಸಾವಿರ. "ಹಾಗಾದ್ರೆ ಎರಡನೇದು ಬೇಡ ಬಿಡು" ಅಂತ ಅಕ್ಕ ಅಲ್ಲೇ ತೀರ್ಮಾನಿಸಿದಳು. ರಾತ್ರಿ ನಕ್ಷೆ ತೆರೆದು ಕೂತಾಗ ಗೊತ್ತಾಯಿತು: ನಾನು ಹೇಳಿದ ಎರಡೂ ಅಂಕಿ ಸರಿ ಇದ್ದವು, ಹೋಲಿಕೆ ಮಾತ್ರ ತಪ್ಪಾಗಿತ್ತು. ಆಮೇಲೆ ನಾನು ಕಲಿತುಕೊಂಡ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಇಲ್ಲಿ ಫುಟ್‌ಬಾಲ್ ಅಂದರೆ ಅಮೆರಿಕನ್ ಫುಟ್‌ಬಾಲ್. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಆಟ. ಬೇಸಿಗೆ ಮುಗಿದ ಮೇಲೆ ನವೆಂಬರ್ ಕೊನೆಯವರೆಗೆ, ಶನಿವಾರ ಬಂತೆಂದರೆ ಈ ಊರುಗಳಲ್ಲಿ ಬೇರೆ ಯಾವ ಕೆಲಸವೂ ನಡೆಯುವುದಿಲ್ಲ. ಊರು ಎಷ್ಟು ಚಿಕ್ಕದೋ ಆಟ ಅಷ್ಟು ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಅಲ್ಲಿನವರು "ನಮ್ಮೂರು ಚಿಕ್ಕದು, ಸ್ಟೇಡಿಯಂ ದೊಡ್ಡದು" ಅಂತ ಜಂಬದಿಂದ ಹೇಳಿಕೊಳ್ಳುತ್ತಾರೆ. ಯಾರ ಮಾತು ಎಷ್ಟು ನಿಜ ಅಂತ ನೋಡಬೇಕಾದರೆ ಲೆಕ್ಕ ಗಟ್ಟಿ ಇರಬೇಕು.

ಹಂತ 1: ಏನು ತಿಳಿಯಬೇಕು ಅನ್ನುವುದನ್ನು ಮೊದಲು ಬರೆದುಕೊಳ್ಳಿ

ಸುಮ್ನೆ "ಯಾವ ಊರು ದೊಡ್ಡದು" ಅಂತ ಹುಡುಕಲು ಹೋಗಬೇಡಿ. ಮಗನನ್ನು ಓದಲು ಕಳಿಸುವವರಿಗೆ ಬೇಕಾದ್ದು ಬಾಡಿಗೆ ಮನೆ, ಬಸ್ಸು, ದಿನಸಿ ಅಂಗಡಿ, ಆಸ್ಪತ್ರೆ ಇರುವ ಒಟ್ಟು ಪ್ರದೇಶದ ಜನಸಂಖ್ಯೆ. ಆಟದ ಹುಚ್ಚು ಇರುವವರಿಗೆ ಬೇಕಾದ್ದು ಸ್ಟೇಡಿಯಂಗೂ ಊರಿಗೂ ಇರುವ ಅನುಪಾತ. ಊರು ಬೆಳೆಯುತ್ತಿದೆಯಾ ಅಂತ ನೋಡುವವರಿಗೆ ಹತ್ತು ವರ್ಷದ ಹಿಂದಿನ ಅಂಕಿಯೂ ಬೇಕು. ಮೂರಕ್ಕೂ ಮೂರು ಬೇರೆ ಬೇರೆ ಅಂಕಿ ಬೇಕಾಗುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ಹಂತ 2: ಊರುಗಳ ಪಟ್ಟಿ ಮಾಡಿ, ಹೆಸರಿನ ಜೊತೆ ರಾಜ್ಯವನ್ನೂ ಬರೆಯಿರಿ

ಇದು ಚಿಕ್ಕ ಕೆಲಸ. ಆದರೆ ತಪ್ಪು ಶುರುವಾಗುವುದೇ ಇಲ್ಲಿ. ಅಮೆರಿಕದಲ್ಲಿ ಒಂದೇ ಹೆಸರಿನ ಊರುಗಳು ತುಂಬಾ ಇವೆ. ಮಿಸಿಸಿಪಿಯ ಆಕ್ಸ್‌ಫರ್ಡ್‌ನಲ್ಲಿ ಓಲ್ ಮಿಸ್ ಅಂತ ಕರೆಯುವ ವಿಶ್ವವಿದ್ಯಾಲಯವಿದೆ. ಓಹಾಯೊದಲ್ಲೂ ಒಂದು ಆಕ್ಸ್‌ಫರ್ಡ್ ಇದೆ, ಅಲ್ಲಿರುವುದು ಮಯಾಮಿ ವಿಶ್ವವಿದ್ಯಾಲಯ. (ಫ್ಲೋರಿಡಾದ ಮಯಾಮಿ ಮತ್ತೆ ಬೇರೆ.) ಅಥೆನ್ಸ್ ಜಾರ್ಜಿಯಾದಲ್ಲೂ ಇದೆ, ಓಹಾಯೊದಲ್ಲೂ ಇದೆ. ಸೌತ್ ಕ್ಯಾರೊಲಿನಾದ ಕೊಲಂಬಿಯಾ, ಮಿಸೌರಿಯ ಕೊಲಂಬಿಯಾ ಎರಡೂ ಒಂದೇ ಲೀಗಿನ ಊರುಗಳು. ಎರಡು ತಂಡಗಳ ಪಂದ್ಯಕ್ಕೆ ಮೇಯರ್ಸ್ ಕಪ್ ಅಂತಲೇ ಹೆಸರು. ಮೊದಲನೆಯದರ ಜನಸಂಖ್ಯೆ 1,36,632, ಎರಡನೆಯದರದ್ದು 1,26,254. ಅಂಕಿಗಳು ಇಷ್ಟು ಹತ್ತಿರ ಇದ್ದಾಗ ಅದಲು ಬದಲಾದರೂ ಗೊತ್ತೇ ಆಗುವುದಿಲ್ಲ.

ಪಟ್ಟಿಯಲ್ಲಿ ಯಾವ ಊರು ಇರಬೇಕು ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಓಹಾಯೊ ಸ್ಟೇಟ್ ತಂಡ ಆಡುವ ಕೊಲಂಬಸ್‌ನಲ್ಲಿ 9,05,748 ಜನ. ಟೆಕ್ಸಸ್ ತಂಡದ ಆಸ್ಟಿನ್‌ನಲ್ಲಿ 9,61,855. ಎರಡೂ ರಾಜ್ಯದ ರಾಜಧಾನಿಗಳು. ವಿಶ್ವವಿದ್ಯಾಲಯವನ್ನು ತೆಗೆದರೂ ಊರು ಊರಾಗಿಯೇ ಉಳಿಯುತ್ತದೆ. ಇವನ್ನು ಕ್ಲೆಮ್ಸನ್, ಸ್ಟೇಟ್ ಕಾಲೇಜ್ ಜೊತೆ ಒಂದೇ ಪಟ್ಟಿಯಲ್ಲಿ ಇಡಬಾರದು ಅಂತ ನನ್ನ ಅಭಿಪ್ರಾಯ. ಬೇಕಾದರೆ ಪಕ್ಕದಲ್ಲಿ ಇನ್ನೊಂದು ಪಟ್ಟಿ ಮಾಡಿ.

ಹಂತ 3: ಒಂದೇ ದಿನಾಂಕದ, ಒಂದೇ ಮೂಲದ ಅಂಕಿ ತೆಗೆಯಿರಿ

ಅಮೆರಿಕದ ಸೆನ್ಸಸ್ ಬ್ಯೂರೋ ಮೂರು ಥರದ ಜನಸಂಖ್ಯೆ ಕೊಡುತ್ತದೆ. ಹತ್ತು ವರ್ಷಕ್ಕೊಮ್ಮೆ ಮನೆಮನೆ ಎಣಿಕೆ ಮಾಡಿ ಕೊಡುವ ಜನಗಣತಿ ಒಂದು. ಅದು 2020ರ ಏಪ್ರಿಲ್ 1ರ ಲೆಕ್ಕ. ಪ್ರತಿ ವರ್ಷ ಜುಲೈ 1ಕ್ಕೆ ಇಷ್ಟಿರಬಹುದು ಅಂತ ಮಾಡುವ ಅಂದಾಜು ಎರಡನೆಯದು. ಮೂರನೆಯದು ಅಮೆರಿಕನ್ ಕಮ್ಯುನಿಟಿ ಸರ್ವೆ. ಇದು ಕೆಲವೇ ಮನೆಗಳನ್ನು ಆರಿಸಿ ಮಾಡುವ ಸಮೀಕ್ಷೆ. 65 ಸಾವಿರಕ್ಕಿಂತ ಕಡಿಮೆ ಜನ ಇರುವ ಊರಿಗೆ ಐದು ವರ್ಷದ್ದನ್ನು ಸೇರಿಸಿದ ಅಂಕಿ ನೋಡುವುದೇ ಕ್ರಮ. ಚಿಕ್ಕ ಕಾಲೇಜ್ ಊರುಗಳೆಲ್ಲ ಈ ಗುಂಪಿಗೇ ಬರುತ್ತವೆ.

ಒಂದು ಊರಿಗೆ ಜನಗಣತಿ, ಇನ್ನೊಂದು ಊರಿಗೆ ಅಂದಾಜು ಅಂತ ಬೆರೆಸಬೇಡಿ. ಶುರು ಮಾಡುವವರಿಗೆ 2020ರ ಜನಗಣತಿಯೇ ಸಾಕು.

ಎಲ್ಲಿ ಸಿಗುತ್ತದೆ? ಬ್ಯೂರೋದ ಕ್ವಿಕ್‌ಫ್ಯಾಕ್ಟ್ಸ್ ಪುಟ ತೆರೆಯಿರಿ. ಮೇಲಿನ ಖಾಲಿ ಜಾಗದಲ್ಲಿ ಊರಿನ ಹೆಸರು ಟೈಪ್ ಮಾಡಿದರೆ ಕೆಳಗೆ ಆಯ್ಕೆಗಳು ಬರುತ್ತವೆ. ಒಂದು ಒತ್ತಿ, ಮತ್ತೆ ಇನ್ನೊಂದು ಊರು ಟೈಪ್ ಮಾಡಿ. ಹೀಗೆ ಆರು ಊರುಗಳವರೆಗೆ ಅಕ್ಕಪಕ್ಕ ಇಟ್ಟು ನೋಡಬಹುದು. 5 ಸಾವಿರಕ್ಕಿಂತ ಕಡಿಮೆ ಜನ ಇರುವ ಊರು ಇಲ್ಲಿ ಸಿಗುವುದಿಲ್ಲ. ಅದಕ್ಕೆ ಬ್ಯೂರೋದ ದೊಡ್ಡ ದತ್ತಾಂಶ ತಾಣಕ್ಕೇ ಹೋಗಬೇಕು. ಪುಟದ ಸಾಲುಗಳನ್ನು ಸಾವಧಾನದಿಂದ ಓದಿ. ಮೊದಲ ಸಾಲಿನಲ್ಲೇ ಇತ್ತೀಚಿನ ವರ್ಷದ ಅಂದಾಜು ಇರುತ್ತದೆ. 2020ರ ಏಪ್ರಿಲ್ 1ರ ಎಣಿಕೆ ಕೆಲವು ಸಾಲು ಕೆಳಗಿರುತ್ತದೆ. ಅವಸರದಲ್ಲಿ ಮೇಲಿನದ್ದನ್ನು ಬರೆದುಕೊಂಡು ಅದೇ ಜನಗಣತಿ ಅಂದುಕೊಳ್ಳುವವರು ಬಹಳ ಜನ.

ಜಾರ್ಜಿಯಾದ ಅಥೆನ್ಸ್ ಹುಡುಕುವಾಗ ಒಂದು ತೊಡಕು ಬರುತ್ತದೆ. 1991ರಲ್ಲಿ ಅಥೆನ್ಸ್ ನಗರ ಮತ್ತು ಕ್ಲಾರ್ಕ್ ಕೌಂಟಿ (ಕೌಂಟಿ ನಮ್ಮ ಜಿಲ್ಲೆಯಂಥದ್ದು) ಒಂದೇ ಆಡಳಿತವಾಗಿ ಸೇರಿಕೊಂಡವು. ಹಾಗಾಗಿ ಪಟ್ಟಿಯಲ್ಲಿ ಅದು "ಅಥೆನ್ಸ್-ಕ್ಲಾರ್ಕ್ ಕೌಂಟಿ" ಅಂತ ಇರುತ್ತದೆ. ಜನಸಂಖ್ಯೆ 1,27,315. ಅಂದರೆ ಹೆಚ್ಚುಕಡಿಮೆ ಒಂದು ಇಡೀ ಕೌಂಟಿಯ ಜನ ಅದು. ಬೇರೆ ಊರಿನ ನಗರಸಭೆ ಅಂಕಿಯ ಪಕ್ಕ ಅದನ್ನು ಇಡುವ ಮುಂಚೆ ಒಂದು ಗುರುತು ಹಾಕಿಕೊಳ್ಳಿ.

ಹಂತ 4: ನಕ್ಷೆ ತೆರೆಯಿರಿ, ಕ್ಯಾಂಪಸ್ ಊರಿನ ಗಡಿಯೊಳಗಿದೆಯಾ ನೋಡಿ

ಇಡೀ ಕೆಲಸದ ಜೀವಾಳ ಈ ಹಂತ. ಬೇರೆ ಎಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಮಿಸಿಸಿಪಿಯ ಆಕ್ಸ್‌ಫರ್ಡ್ ತೆಗೆದುಕೊಳ್ಳಿ. ಜನಸಂಖ್ಯೆ 25,416. ಗೂಗಲ್ ನಕ್ಷೆಯಲ್ಲಿ ಊರಿನ ಹೆಸರು ಹುಡುಕಿದರೆ ಗಡಿ ಕೆಂಪು ಗೆರೆಯಲ್ಲಿ ಕಾಣುತ್ತದೆ. ಆ ಗೆರೆಯನ್ನು ಬೆರಳಿಟ್ಟು ಹಿಂಬಾಲಿಸಿ. ಊರಿನ ನಡುವೆಯೇ ಇರುವ ಓಲ್ ಮಿಸ್ ಕ್ಯಾಂಪಸ್ ಹತ್ತಿರ ಬಂದಾಗ ಗೆರೆ ಅದರ ಅಂಚಿನಲ್ಲೇ ಸುತ್ತಿಕೊಂಡು ಹೋಗುತ್ತದೆ. ಕ್ಯಾಂಪಸ್ ನಗರಸಭೆಯ ಹೊರಗೆ. ಸೆನ್ಸಸ್‌ನವರು ಅದನ್ನು "ಯೂನಿವರ್ಸಿಟಿ" ಅನ್ನುವ ಹೆಸರಿನ ಬೇರೆ ಸ್ಥಳವಾಗಿ ಎಣಿಸುತ್ತಾರೆ. ಅಲ್ಲಿನ ಹಾಸ್ಟೆಲ್‌ಗಳಲ್ಲಿ ಮಲಗುವ ಸಾವಿರಾರು ಹುಡುಗ ಹುಡುಗಿಯರು ಆಕ್ಸ್‌ಫರ್ಡ್‌ನ 25,416ರಲ್ಲಿ ಇಲ್ಲವೇ ಇಲ್ಲ. ರಸ್ತೆ ದಾಟಿದರೆ ಊರು, ಈಚೆ ಬಂದರೆ ಊರಲ್ಲ.

ಅದೇ ರಾಜ್ಯದ ಸ್ಟಾರ್ಕ್‌ವಿಲ್‌ದೂ ಇದೇ ಕಥೆ. ಅಲ್ಲಿನ ಕ್ಯಾಂಪಸ್‌ಗೆ ಸೆನ್ಸಸ್ ಪಟ್ಟಿಯಲ್ಲಿ "ಮಿಸಿಸಿಪಿ ಸ್ಟೇಟ್" ಅಂತ ಬೇರೆ ಹೆಸರು. ನೋಟರ್ ಡೇಮ್ ವಿಶ್ವವಿದ್ಯಾಲಯವನ್ನು ಎಲ್ಲರೂ ಸೌತ್ ಬೆಂಡ್ ಊರಿನದ್ದು ಅನ್ನುತ್ತಾರೆ, ಕ್ಯಾಂಪಸ್ ಇರುವುದು ಆ ಊರಿನ ಗಡಿಯಾಚೆ. ಕ್ಲೆಮ್ಸನ್ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೂ ಸೆನ್ಸಸ್‌ನಲ್ಲಿ ಕ್ಲೆಮ್ಸನ್ ನಗರಕ್ಕಿಂತ ಬೇರೆಯಾದ ಸಾಲು ಇದೆ. ನಾನು ಅಕ್ಕನಿಗೆ ಹೇಳಿದ 17 ಸಾವಿರದ ಅಂಕಿಯಲ್ಲಿ ಕ್ಯಾಂಪಸ್ಸೇ ಸೇರಿರಲಿಲ್ಲ.

ಸ್ಟೇಟ್ ಕಾಲೇಜ್‌ನಲ್ಲಿ ಇನ್ನೊಂದು ಥರ. ಅಲ್ಲಿನ ಕ್ಯಾಂಪಸ್ ಎರಡು ಆಡಳಿತಗಳಲ್ಲಿ ಹಂಚಿಹೋಗಿದೆ: ಒಂದು ಸ್ಟೇಟ್ ಕಾಲೇಜ್ ಬರೋ, ಇನ್ನೊಂದು ಪಕ್ಕದ ಕಾಲೇಜ್ ಟೌನ್‌ಶಿಪ್. ಬೀವರ್ ಸ್ಟೇಡಿಯಂ ಇರುವುದು ಟೌನ್‌ಶಿಪ್ ಕಡೆ. ಬರೋ ಅಂದರೆ ನಮ್ಮ ಪುರಸಭೆ ಅಂದುಕೊಳ್ಳಿ. ಅದರ ಸುತ್ತಮುತ್ತ ಐದು ಟೌನ್‌ಶಿಪ್‌ಗಳಿವೆ: ಕಾಲೇಜ್, ಫರ್ಗ್ಯುಸನ್, ಪ್ಯಾಟನ್, ಹ್ಯಾರಿಸ್, ಹಾಫ್‌ಮೂನ್. ಆರೂ ಸೇರಿ ಸೆಂಟರ್ ರೀಜನ್ ಅಂತ ಒಂದು ಕೂಟ ಮಾಡಿಕೊಂಡಿವೆ. ಅಲ್ಲಿ ಇರುವವರಿಗೆ ಇದೆಲ್ಲ ಒಂದೇ ಊರು. ಜನಗಣತಿಯ ಸಾಲಿಗೆ ಮಾತ್ರ ಆರು ಊರು.

ಕ್ಯಾಂಪಸ್ ಹೊರಗಿದೆ ಅಂತ ಗೊತ್ತಾದರೆ ಏನು ಮಾಡಬೇಕು? ಕ್ಯಾಂಪಸ್‌ಗೆ ಇರುವ ಸೆನ್ಸಸ್ ಸ್ಥಳದ ಜನಸಂಖ್ಯೆ ತೆಗೆದು ಊರಿನದಕ್ಕೆ ಕೂಡಿಸಿ. ಪಕ್ಕದಲ್ಲಿ "ಕ್ಯಾಂಪಸ್ ಸೇರಿ" ಅಂತ ಬರೆಯಿರಿ. ಎಲ್ಲ ಊರಿಗೂ ಇದೇ ನಿಯಮ ಹಾಕಿ.

ಹಂತ 5: ಹೊರಗಿನ ಸುತ್ತುಗಳನ್ನೂ ನೋಡಿ

ನಗರಸಭೆ ಗಡಿಯ ಹೊರಗೆ ಇನ್ನೂ ಮೂರು ಸುತ್ತುಗಳಿವೆ. ಕೌಂಟಿ, ನಗರೀಕೃತ ಪ್ರದೇಶ, ಮೆಟ್ರೋ ಪ್ರದೇಶ.

ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ, ಆದರೆ ಸಾಮಾನ್ಯವಾಗಿ ಚಿಕ್ಕದು. ಮೆಟ್ರೋ ಪ್ರದೇಶ ಅಂದರೆ ದಿನವೂ ಕೆಲಸಕ್ಕೆ ಓಡಾಡುವ ಸಂಬಂಧ ಇರುವ ಕೌಂಟಿಗಳ ಗುಂಪು. ಕೆಲವು ಊರಿಗೆ ಎರಡೂ ಒಂದೇ. ಮಿಷಿಗನ್ ವಿಶ್ವವಿದ್ಯಾಲಯದ ಊರಾದ ಆನ್ ಆರ್ಬರ್‌ನ ಮೆಟ್ರೋ ಅಂದರೆ ವಾಷ್ಟೆನಾ ಕೌಂಟಿ ಅಷ್ಟೇ, 3,72,258 ಜನ. ಸ್ಟೇಟ್ ಕಾಲೇಜ್‌ನ ಮೆಟ್ರೋ ಅಂದರೆ ಸೆಂಟರ್ ಕೌಂಟಿ, 1,58,172 ಜನ. ಟೆಕ್ಸಸ್‌ನ ಕಾಲೇಜ್ ಸ್ಟೇಷನ್‌ಗೆ ಬ್ರಯನ್ ಅನ್ನುವ ಅವಳಿ ಊರಿದೆ. ಕಾಲೇಜ್ ಸ್ಟೇಷನ್ 1,20,511, ಬ್ರಯನ್ 83,980. ಒಂದು ಬೀದಿ ಮುಗಿಯುವಲ್ಲಿ ಇನ್ನೊಂದು ಶುರುವಾಗುತ್ತದೆ. ಒಂದನ್ನೇ ಎಣಿಸಿದರೆ ನ್ಯಾಯವಲ್ಲ.

ಮೆಟ್ರೋ ಅಂಕಿ ಕೆಲವು ಕಡೆ ಪೂರ್ತಿ ಕೈಕೊಡುತ್ತದೆ. ಒಕ್ಲಹೋಮದ ನಾರ್ಮನ್ (1,28,026 ಜನ) ಒಕ್ಲಹೋಮ ಸಿಟಿ ಮೆಟ್ರೋದೊಳಗೆ ಬರುತ್ತದೆ. ಆ ಮೆಟ್ರೋದಲ್ಲಿ 14 ಲಕ್ಷಕ್ಕೂ ಜಾಸ್ತಿ ಜನ. ಕ್ಲೆಮ್ಸನ್ ಗ್ರೀನ್‌ವಿಲ್ ಮೆಟ್ರೋಗೆ ಸೇರುತ್ತದೆ. ಅಲ್ಲಿ 9 ಲಕ್ಷಕ್ಕೂ ಜಾಸ್ತಿ. ಮೆಟ್ರೋ ಅಂಕಿ ನೋಡಿ ಕ್ಲೆಮ್ಸನ್ ಅನ್ನು ಆನ್ ಆರ್ಬರ್‌ಗಿಂತ ದೊಡ್ಡ ಕಾಲೇಜ್ ಊರು ಅಂದರೆ ಯಾರೂ ಒಪ್ಪುವುದಿಲ್ಲ.

ಕೌಂಟಿಯೂ ಎಲ್ಲ ಕಡೆ ಸರಿ ಹೋಗುವುದಿಲ್ಲ. ಕ್ಲೆಮ್ಸನ್ ಇರುವುದು ಪಿಕೆನ್ಸ್ ಕೌಂಟಿಯ ಮೂಲೆಯಲ್ಲಿ. ಒಂದು ಕಡೆ ಓಕೋನೀ ಕೌಂಟಿಯ ಸೆನೆಕಾ, ಇನ್ನೊಂದು ಕಡೆ ಆಂಡರ್ಸನ್ ಕೌಂಟಿಯ ಪೆಂಡಲ್ಟನ್. ವಿದ್ಯಾರ್ಥಿಗಳು ಬಾಡಿಗೆ ಕಡಿಮೆ ಇರುವಲ್ಲಿ ಮನೆ ಹಿಡಿಯುತ್ತಾರೆಯೇ ಹೊರತು ಕೌಂಟಿ ಗೆರೆ ನೋಡಿ ಹಿಡಿಯುವುದಿಲ್ಲ, ಅಲ್ವಾ?

ನನ್ನ ಮಟ್ಟಿಗೆ ಹೆಚ್ಚು ನಂಬಿಕೆಯ ಸುತ್ತು ನಗರೀಕೃತ ಪ್ರದೇಶ. ಸೆನ್ಸಸ್ ಬ್ಯೂರೋ ಇದನ್ನು ಚಿಕ್ಕ ಚಿಕ್ಕ ಬ್ಲಾಕ್‌ಗಳನ್ನು ಜೋಡಿಸಿ ಗುರುತಿಸುತ್ತದೆ. ಎಲ್ಲಿಯವರೆಗೆ ಮನೆಗಳು ಒತ್ತಾಗಿವೆಯೋ ಅಲ್ಲಿಯವರೆಗೆ ಒಂದು ಪ್ರದೇಶ. ನಗರಸಭೆ, ಕೌಂಟಿ, ರಾಜ್ಯ ಯಾವ ಗಡಿಯೂ ಲೆಕ್ಕಕ್ಕಿಲ್ಲ. 2020ರ ನಿಯಮದ ಪ್ರಕಾರ ಕನಿಷ್ಠ 5,000 ಜನ ಅಥವಾ 2,000 ಮನೆ ಇರಬೇಕು. ವಿಮಾನದಿಂದ ರಾತ್ರಿ ಹೊತ್ತು ಕೆಳಗೆ ನೋಡಿದರೆ ಕಾಣುವ ದೀಪದ ಗುಂಪು ಇದ್ದ ಹಾಗೆ. ದತ್ತಾಂಶ ತಾಣದಲ್ಲಿ ಭೌಗೋಳಿಕ ಘಟಕ ಆರಿಸುವಾಗ "ಅರ್ಬನ್ ಏರಿಯಾ" ಒತ್ತಿದರೆ ಸಿಗುತ್ತದೆ. ಬಾಡಿಗೆ, ಬಸ್ಸು, ಅಂಗಡಿ ವಿಚಾರಕ್ಕೆ ಈ ಅಂಕಿಯನ್ನೇ ಹಿಡಿಯಿರಿ.

ಊರಿನ ವಿಸ್ತೀರ್ಣವನ್ನೂ ಒಂದು ಕಾಲಂನಲ್ಲಿ ಬರೆದುಕೊಂಡರೆ ಒಳ್ಳೆಯದು. ಸ್ಟೇಟ್ ಕಾಲೇಜ್ ಬರೋ ಸುಮಾರು 12 ಚದರ ಕಿಲೋಮೀಟರ್. ನಾರ್ಮನ್ ಸುಮಾರು 460. ನಾರ್ಮನ್ ನಗರಸಭೆಯ ಗಡಿಯೊಳಗೆ ಥಂಡರ್‌ಬರ್ಡ್ ಅನ್ನುವ ದೊಡ್ಡ ಕೆರೆಯೇ ಇದೆ. ಒಂದು ಊರು ಗಡಿಯನ್ನು ಬಿಗಿಯಾಗಿ ಕಟ್ಟಿಕೊಂಡಿದೆ, ಇನ್ನೊಂದು ಹೊಲಗದ್ದೆಯನ್ನೂ ಒಳಗೆ ಹಾಕಿಕೊಂಡಿದೆ. ಎರಡರ ಜನಸಂಖ್ಯೆಯನ್ನು ಸುಮ್ನೆ ಅಕ್ಕಪಕ್ಕ ಇಟ್ಟರೆ ಏನು ತಿಳಿಯುತ್ತದೆ?

ಹಂತ 6: ವಿದ್ಯಾರ್ಥಿಗಳನ್ನು ಎರಡು ಸಲ ಎಣಿಸಬೇಡಿ

ನಾನು ಅತಿ ಹೆಚ್ಚು ನೋಡಿರುವ ತಪ್ಪು ಇದು. "ಊರಿನಲ್ಲಿ 40 ಸಾವಿರ ಜನ, ಅದರ ಮೇಲೆ 48 ಸಾವಿರ ವಿದ್ಯಾರ್ಥಿಗಳು, ಒಟ್ಟು 88 ಸಾವಿರ" ಅಂತ ಕೂಡಿಸಿಬಿಡುತ್ತಾರೆ. ಹಾಗಲ್ಲ. 1950ರಿಂದ ಅಮೆರಿಕದ ಜನಗಣತಿ ಕಾಲೇಜ್ ವಿದ್ಯಾರ್ಥಿಗಳನ್ನು ಅಪ್ಪ ಅಮ್ಮನ ಮನೆಯಲ್ಲಿ ಎಣಿಸುವುದಿಲ್ಲ, ಓದುವ ಊರಿನಲ್ಲೇ ಎಣಿಸುತ್ತದೆ. ವರ್ಷದ ಹೆಚ್ಚು ದಿನ ಎಲ್ಲಿ ಇರುತ್ತಾರೋ ಅಲ್ಲಿಗೆ ಸೇರಿಸುವ ನಿಯಮ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೋಗಿ ಅಲ್ಲಿ ಓದುತ್ತಿರುವ ನಮ್ಮ ಹುಡುಗರೂ ಆ ಊರಿನ ಲೆಕ್ಕದಲ್ಲೇ ಇರುತ್ತಾರೆ. ಪೌರತ್ವ ಮುಖ್ಯವಲ್ಲ, ವಾಸ ಮುಖ್ಯ.

ಹಾಗಾದರೆ ಒಂದು ಒಗಟು. ಪೆನ್ ಸ್ಟೇಟ್‌ನ ಯೂನಿವರ್ಸಿಟಿ ಪಾರ್ಕ್ ಕ್ಯಾಂಪಸ್‌ನಲ್ಲಿ 48 ಸಾವಿರದ ಆಸುಪಾಸು ವಿದ್ಯಾರ್ಥಿಗಳಿದ್ದಾರೆ, ಊರಿನ ಒಟ್ಟು ಜನಸಂಖ್ಯೆಯೇ 40,501. ಕ್ಲೆಮ್ಸನ್‌ನಲ್ಲೂ ಅಷ್ಟೇ, ನಗರದ ಜನಕ್ಕಿಂತ ವಿದ್ಯಾರ್ಥಿಗಳೇ ಜಾಸ್ತಿ. ಹೇಗೆ ಸಾಧ್ಯ? ಉತ್ತರ ನಾಲ್ಕು ಮತ್ತು ಐದನೇ ಹಂತದಲ್ಲೇ ಇದೆ. ವಿದ್ಯಾರ್ಥಿಗಳು ಗಡಿಯಾಚೆ ಇರುವ ಕ್ಯಾಂಪಸ್‌ನಲ್ಲಿ, ಪಕ್ಕದ ಟೌನ್‌ಶಿಪ್‌ನಲ್ಲಿ, ಬೇರೆ ಕೌಂಟಿಯಲ್ಲಿ ಹರಡಿಕೊಂಡಿದ್ದಾರೆ. ವಿದ್ಯಾರ್ಥಿಗಳ ಸಂಖ್ಯೆ ಊರಿನ ಜನಸಂಖ್ಯೆಯನ್ನು ಮೀರಿದರೆ, ನೀವು ಹಿಡಿದ ಗಡಿ ತೀರಾ ಚಿಕ್ಕದು ಅಂತ ತಿಳಿಯಿರಿ.

ಊರಿನಲ್ಲಿ ಎಷ್ಟು ಪಾಲು ವಿದ್ಯಾರ್ಥಿಗಳು ಅಂತ ಬೇಕಾದರೆ ಎರಡು ದಾರಿ ಇವೆ. ಹಾಸ್ಟೆಲ್‌ನಲ್ಲಿ ಇರುವವರಿಗೆ 2020ರ ಜನಗಣತಿಯ ಪಿ5 ಕೋಷ್ಟಕ ನೋಡಿ. ಜೈಲು, ವೃದ್ಧಾಶ್ರಮ, ಸೇನಾ ವಸತಿ, ಕಾಲೇಜ್ ವಸತಿ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ. ಹೊರಗೆ ಬಾಡಿಗೆ ಮನೆಯಲ್ಲಿ ಇರುವವರನ್ನೂ ಸೇರಿಸಲು ಕಮ್ಯುನಿಟಿ ಸರ್ವೆಯ ಬಿ14001 ಕೋಷ್ಟಕ ಬೇಕು. ಅದರಲ್ಲಿ ಪದವಿ ಓದುವವರು, ಸ್ನಾತಕೋತ್ತರ ಓದುವವರು ಅಂತ ಎರಡು ಸಾಲು ಇರುತ್ತವೆ. ಎರಡನ್ನೂ ಕೂಡಿಸಿ.

ವಿಶ್ವವಿದ್ಯಾಲಯವೇ ಹೇಳಿಕೊಳ್ಳುವ ವಿದ್ಯಾರ್ಥಿ ಸಂಖ್ಯೆ ಬಳಸುವಾಗ ಹುಷಾರಾಗಿರಿ. ಪೆನ್ ಸ್ಟೇಟ್‌ಗೆ ರಾಜ್ಯದ ತುಂಬ ಕ್ಯಾಂಪಸ್‌ಗಳಿವೆ. ಆನ್‌ಲೈನ್‌ನಲ್ಲಿ ಓದುವವರೂ ಇದ್ದಾರೆ. "ಒಟ್ಟು" ಅನ್ನುವ ಅಂಕಿ ಎಲ್ಲವನ್ನೂ ಸೇರಿಸಿರುತ್ತದೆ. ನಿಮಗೆ ಬೇಕಾದ್ದು ಆ ಊರಿನ ಕ್ಯಾಂಪಸ್ಸಿನದ್ದು ಮಾತ್ರ.

ಹಂತ 7: 2020ರ ಅಂಕಿಗೆ ಒಂದು ಎಚ್ಚರಿಕೆ

ಜನಗಣತಿ ದಿನ ಏಪ್ರಿಲ್ 1. ಆ ವರ್ಷ ಮಾರ್ಚ್ ತಿಂಗಳಲ್ಲೇ ಕೋವಿಡ್‌ನಿಂದಾಗಿ ಕ್ಯಾಂಪಸ್‌ಗಳು ಮುಚ್ಚಿದವು. ಹುಡುಗರು ಗಂಟು ಮೂಟೆ ಕಟ್ಟಿಕೊಂಡು ಮನೆಗೆ ಹೋದರು. ನಿಯಮದ ಪ್ರಕಾರ ಅವರನ್ನು ಓದುವ ಊರಿನಲ್ಲೇ ಎಣಿಸಬೇಕಿತ್ತು. ಹಾಸ್ಟೆಲ್‌ನಲ್ಲಿ ಇದ್ದವರ ಲೆಕ್ಕವನ್ನು ಕಾಲೇಜಿನ ದಾಖಲೆಯಿಂದ ತೆಗೆದುಕೊಳ್ಳಬಹುದಿತ್ತು. ಬಾಡಿಗೆ ಮನೆಯಲ್ಲಿ ಇದ್ದವರ ವಿಚಾರ ಕಷ್ಟವಾಯಿತು. ಮನೆ ಬಾಗಿಲಿಗೆ ಬೀಗ, ಫಾರಂ ತುಂಬುವವರೇ ಇಲ್ಲ.

ಅಂಕಿ ನೋಡಿ. ಸ್ಟೇಟ್ ಕಾಲೇಜ್ 2010ರಲ್ಲಿ 42,034, 2020ರಲ್ಲಿ 40,501. ಇಂಡಿಯಾನಾದ ಬ್ಲೂಮಿಂಗ್ಟನ್ 80,405 ಇದ್ದದ್ದು 79,168. ಮಿಷಿಗನ್‌ನ ಈಸ್ಟ್ ಲ್ಯಾನ್ಸಿಂಗ್ 48,579ರಿಂದ 47,741. ಮೂರು ಕಾಲೇಜ್ ಊರು, ಮೂರೂ ಇಳಿದಿವೆ. ಊರು ನಿಜವಾಗಿ ಖಾಲಿಯಾಯಿತು ಅಂತ ಇದರಿಂದ ತೀರ್ಮಾನಿಸಬೇಡಿ. ಬಾಡಿಗೆ ಮನೆಗಳೇ ಜಾಸ್ತಿ ಇರುವ ಊರಿನ ಅಂಕಿ ಆ ವರ್ಷ ಸ್ವಲ್ಪ ಕಡಿಮೆ ಬಂದಿರುವ ಸಾಧ್ಯತೆ ಇದೆ ಅಂತ ನೆನಪಿಟ್ಟುಕೊಂಡು, ಪಕ್ಕದಲ್ಲಿ ನಂತರದ ವರ್ಷಗಳ ಅಂದಾಜನ್ನೂ ನೋಡಿ.

ಹಂತ 8: ಬೆಳೆದದ್ದು ಊರಾ, ಗಡಿಯಾ?

ಪರ್ಡ್ಯೂ ವಿಶ್ವವಿದ್ಯಾಲಯದ ವೆಸ್ಟ್ ಲಫಾಯೆಟ್ ಕನ್ನಡದ ಎಷ್ಟೋ ಮನೆಗಳಲ್ಲಿ ಕೇಳಿದ ಹೆಸರು. 2010ರಲ್ಲಿ ಅದರ ಜನಸಂಖ್ಯೆ 29,596. 2020ರಲ್ಲಿ 44,595. ಹತ್ತು ವರ್ಷದಲ್ಲಿ ಅರ್ಧಕ್ಕರ್ಧ ಜಾಸ್ತಿ! ಓದಿದವರು ಅಬ್ಬಾ ಅನ್ನುತ್ತಾರೆ.

ಈಗ ಕೌಂಟಿ ನೋಡಿ. ಟಿಪ್ಪೆಕನೂ ಕೌಂಟಿ 2010ರಲ್ಲಿ 1,72,780, 2020ರಲ್ಲಿ 1,86,251. ಇಡೀ ಕೌಂಟಿಗೆ ಹೊಸದಾಗಿ ಸೇರಿದ್ದು 13,471 ಜನ. ಅದರೊಳಗಿನ ಒಂದು ಊರಿಗೆ ಮಾತ್ರ 14,999 ಹೇಗೆ ಸೇರಿತು? ನಡುವೆ ನಗರಸಭೆ ತನ್ನ ಗಡಿಯನ್ನು ವಿಸ್ತರಿಸಿ ಪರ್ಡ್ಯೂ ಕ್ಯಾಂಪಸ್ಸಿನ ಬಹುಭಾಗವನ್ನು ಒಳಗೆ ಸೇರಿಸಿಕೊಂಡಿತು. ಅದೇ ಹುಡುಗರು, ಅದೇ ಹಾಸ್ಟೆಲ್. ಗೆರೆ ಮಾತ್ರ ಸರಿಯಿತು.

ಯಾವ ಊರು ತಟ್ಟನೆ ಬೆಳೆದಂತೆ ಕಂಡರೂ ಈ ಪರೀಕ್ಷೆ ಮಾಡಿ. ಊರಿನ ಹೆಚ್ಚಳ, ಕೌಂಟಿಯ ಹೆಚ್ಚಳ ಎರಡನ್ನೂ ಪಕ್ಕದಲ್ಲಿ ಬರೆಯಿರಿ. ಊರಿನದು ಕೌಂಟಿಯದಕ್ಕಿಂತ ಜಾಸ್ತಿ ಇದ್ದರೆ ಗಡಿಯ ಇತಿಹಾಸ ಕೆದಕಿ. ಅಲಬಾಮಾದ ಆಬರ್ನ್ 53,380ರಿಂದ 76,143ಕ್ಕೆ, ಕಾಲೇಜ್ ಸ್ಟೇಷನ್ 93,857ರಿಂದ 1,20,511ಕ್ಕೆ ಏರಿವೆ. ಅವನ್ನೂ ಹೀಗೇ ತೂಗಿ ನೋಡಿ.

ಹಂತ 9: ಸ್ಟೇಡಿಯಂ ಸೀಟನ್ನು ಜನಸಂಖ್ಯೆಯಿಂದ ಭಾಗಿಸಿ

ಇನ್ನು ಖುಷಿಯ ಲೆಕ್ಕ. ಗೂಗಲ್ ಶೀಟ್ಸ್‌ನಲ್ಲಿ ಒಂದು ಕಾಲಂಗೆ ಸೀಟು, ಒಂದಕ್ಕೆ ನಗರದ ಜನ, ಒಂದಕ್ಕೆ ಕೌಂಟಿಯ ಜನ ಹಾಕಿ. ಸೀಟನ್ನು ಎರಡರಿಂದಲೂ ಬೇರೆ ಬೇರೆ ಭಾಗಿಸಿ. ನಾನು ಮಾಡಿದ ಪಟ್ಟಿ ಹೀಗಿದೆ. ನಗರದ ಕಾಲಂನಲ್ಲಿರುವುದು ನಗರಸಭೆ ಗಡಿಯ ಅಂಕಿ ಮಾತ್ರ, ಹೊರಗಿನ ಕ್ಯಾಂಪಸ್ ಕೂಡಿಸಿಲ್ಲ.

| ಊರು | ಸೀಟು | ನಗರ | ಅನುಪಾತ | ಕೌಂಟಿ | ಅನುಪಾತ |
|---|---|---|---|---|---|
| ಕ್ಲೆಮ್ಸನ್ | 81,500 | 17,681 | 4.6 | 1,31,404 | 0.62 |
| ಸ್ಟೇಟ್ ಕಾಲೇಜ್ | 1,06,572 | 40,501 | 2.6 | 1,58,172 | 0.67 |
| ಆಕ್ಸ್‌ಫರ್ಡ್ (ಮಿಸಿಸಿಪಿ) | 64,038 | 25,416 | 2.5 | 55,813 | 1.15 |
| ಟಸ್ಕಲೂಸಾ (ಅಲಬಾಮಾ) | 1,00,077 | 99,600 | 1.0 | 2,27,036 | 0.44 |
| ಆನ್ ಆರ್ಬರ್ | 1,07,601 | 1,23,851 | 0.87 | 3,72,258 | 0.29 |
| ಕಾಲೇಜ್ ಸ್ಟೇಷನ್ | 1,02,733 | 1,20,511 | 0.85 | 2,33,849 | 0.44 |

ಎಡಗಡೆ ಅನುಪಾತದಲ್ಲಿ ಕ್ಲೆಮ್ಸನ್‌ಗೆ ಸಾಟಿಯೇ ಇಲ್ಲ. ಊರಿಗಿಂತ ಸ್ಟೇಡಿಯಂ ನಾಲ್ಕೂವರೆ ಪಟ್ಟು ದೊಡ್ಡದು. ಬಲಗಡೆಗೆ ಬಂದರೆ ಅದು ಮೂರನೇ ಜಾಗಕ್ಕೆ ಇಳಿಯುತ್ತದೆ, ಸ್ಟೇಟ್ ಕಾಲೇಜ್‌ಗಿಂತಲೂ ಕೆಳಗೆ. ಮೇಲೆ ಬರುವುದು ಆಕ್ಸ್‌ಫರ್ಡ್. ಅಲ್ಲಿ ಇಡೀ ಕೌಂಟಿಯ ಜನ ಬಂದರೂ ಸ್ಟೇಡಿಯಂ ತುಂಬುವುದಿಲ್ಲ. ಈ ಆರರಲ್ಲಿ ನಿಜವಾಗಿ ಚಿಕ್ಕ ಜಾಗದಲ್ಲಿ ದೊಡ್ಡ ಆಟ ಅಂದರೆ ನಾನು ಆಕ್ಸ್‌ಫರ್ಡ್ ಅನ್ನುತ್ತೇನೆ. ಟಸ್ಕಲೂಸಾ ಅಂಕಿ ನನಗೆ ತುಂಬಾ ಇಷ್ಟ. ಊರಿನ ಒಬ್ಬೊಬ್ಬರಿಗೂ ಒಂದೊಂದು ಸೀಟು ಅಂತ ಅಳೆದು ಕಟ್ಟಿದ ಹಾಗಿದೆ.

ಸೀಟಿನ ಜಾಗದಲ್ಲಿ ಒಂದು ಪಂದ್ಯಕ್ಕೆ ಬಂದ ದಾಖಲೆ ಜನರನ್ನು ಹಾಕಬೇಡಿ. ಆನ್ ಆರ್ಬರ್‌ನ ಮಿಷಿಗನ್ ಸ್ಟೇಡಿಯಂನಲ್ಲಿ 2013ರಲ್ಲಿ ನೋಟರ್ ಡೇಮ್ ಜೊತೆಗಿನ ಪಂದ್ಯಕ್ಕೆ 1,15,109 ಜನ ಸೇರಿದ್ದರು. ಮೇಲಿನ ಪಟ್ಟಿಯ ಸೀಟಿಗಿಂತ ಏಳೂವರೆ ಸಾವಿರ ಜಾಸ್ತಿ. ಒಂದು ಊರಿಗೆ ದಾಖಲೆ, ಇನ್ನೊಂದಕ್ಕೆ ಸೀಟು ಬಳಸಿದರೆ ತಕ್ಕಡಿ ವಾಲುತ್ತದೆ.

ಪಂದ್ಯದ ದಿನ ಊರಿನಲ್ಲಿ ಒಟ್ಟು ಎಷ್ಟು ಜನ ಅಂತ ತಿಳಿಯಲು ಊರಿನ ಜನ, ಸೀಟು ಎರಡನ್ನೂ ಸುಮ್ನೆ ಕೂಡಿಸುವುದೂ ತಪ್ಪೇ. ಪೆನ್ ಸ್ಟೇಟ್ ಸ್ಟೇಡಿಯಂನಲ್ಲಿ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಸೀಟು ವಿದ್ಯಾರ್ಥಿಗಳಿಗೇ ಮೀಸಲು. ಅವರಲ್ಲಿ ಹೆಚ್ಚಿನವರು ಊರಿನ, ಅಕ್ಕಪಕ್ಕದ ಟೌನ್‌ಶಿಪ್‌ಗಳ ಲೆಕ್ಕದಲ್ಲಿ ಆಗಲೇ ಇದ್ದಾರೆ. ಇನ್ನೊಂದು ಕಡೆ, ಟಿಕೆಟ್ ಇಲ್ಲದೆ ಪಾರ್ಕಿಂಗ್ ಜಾಗದಲ್ಲಿ ಗಾಡಿಯ ಡಿಕ್ಕಿ ತೆರೆದು, ಒಲೆ ಹಚ್ಚಿ, ಟಿವಿ ಇಟ್ಟುಕೊಂಡು ಕೂರುವವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಹಂತ 10: ಊರಿನವರ ಮಾತನ್ನು ಅಂಕಿಯಿಂದ ಪರೀಕ್ಷಿಸಿ

ನೆಬ್ರಾಸ್ಕಾದಲ್ಲಿ ಒಂದು ಮಾತಿದೆ: ಪಂದ್ಯದ ದಿನ ಲಿಂಕನ್‌ನ ಮೆಮೋರಿಯಲ್ ಸ್ಟೇಡಿಯಂ ರಾಜ್ಯದ ಮೂರನೇ ದೊಡ್ಡ ಊರು. 1962ರಿಂದ ಅಲ್ಲಿ ಪ್ರತಿ ಪಂದ್ಯದ ಟಿಕೆಟ್ಟೂ ಪೂರ್ತಿ ಮಾರಾಟವಾಗುತ್ತ ಬಂದಿದೆ. ಪರೀಕ್ಷೆ ಸುಲಭ. ರಾಜ್ಯದ ಊರುಗಳನ್ನು ಜನಸಂಖ್ಯೆ ಪ್ರಕಾರ ಜೋಡಿಸಿ. ಒಮಾಹಾ 4,86,051. ಲಿಂಕನ್ 2,91,082. ಮೂರನೆಯದು ಬೆಲ್‌ವ್ಯೂ, 64,176. ಸ್ಟೇಡಿಯಂ ಸೀಟು 85 ಸಾವಿರದ ಆಸುಪಾಸು. ಮಾತು ನಿಜ.

ಹಾಗೇ ವೆಸ್ಟ್ ವರ್ಜೀನಿಯಾಕ್ಕೆ ಹೋಗಿ. ರಾಜ್ಯದ ಅತಿ ದೊಡ್ಡ ಊರು ಚಾರ್ಲ್‌ಸ್ಟನ್, 48,864 ಜನ. ಮಾರ್ಗನ್‌ಟೌನ್‌ನ ಸ್ಟೇಡಿಯಂಗೆ 60 ಸಾವಿರ ಸೀಟು. ಅಂದರೆ ಅಲ್ಲಿ ಸ್ಟೇಡಿಯಂ ತುಂಬಿದ ದಿನ ಅದೇ ರಾಜ್ಯದ ಮೊದಲನೇ ಊರು. ಪೆನ್ಸಿಲ್ವೇನಿಯಾದಲ್ಲಿ ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್, ಅಲೆನ್‌ಟೌನ್ ಆದ ಮೇಲೆ ರೆಡಿಂಗ್ 95,112. ಬೀವರ್ ಸ್ಟೇಡಿಯಂ ಅದನ್ನು ದಾಟಿ ನಾಲ್ಕನೇ ಜಾಗ ಹಿಡಿಯುತ್ತದೆ.

ಹಂತ 11: ಅಂಕಿಯ ಜೊತೆ ಗಡಿಯನ್ನೂ ಬರೆದು ಕಳಿಸಿ

ಕೊನೆಗೆ ಯಾರಿಗೆ ಹೇಳುವಾಗಲೂ ಯಾವ ಗಡಿ, ಯಾವ ವರ್ಷ ಅಂತ ಸೇರಿಸಿ ಹೇಳಿ. ಹತ್ತಿರದ ದೊಡ್ಡ ಊರು ಎಷ್ಟು ದೂರ ಅನ್ನುವುದನ್ನೂ ಬರೆಯಿರಿ. ಓದಲು ಹೋಗುವವರಿಗೆ ಅದು ಜನಸಂಖ್ಯೆಯಷ್ಟೇ ಮುಖ್ಯ. ಆ ರಾತ್ರಿ ನಾನು ಅಕ್ಕನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದು ಇಷ್ಟು:

"ಅಕ್ಕಾ, ಬೆಳಿಗ್ಗೆ ಹೇಳಿದ್ದು ನಗರಸಭೆ ಗಡಿಯ ಲೆಕ್ಕ ಮಾತ್ರ. ಕ್ಲೆಮ್ಸನ್‌ನ 17,681ರಲ್ಲಿ ಕ್ಯಾಂಪಸ್ ಸೇರಿಲ್ಲ. ಸ್ಟೇಟ್ ಕಾಲೇಜ್‌ನ 40,501ರಲ್ಲಿ ಸುತ್ತಲಿನ ಐದು ಟೌನ್‌ಶಿಪ್ ಸೇರಿಲ್ಲ. 2020ರ ಕೌಂಟಿ ಲೆಕ್ಕ ನೋಡಿದ್ರೆ ಪಿಕೆನ್ಸ್ 1,31,404, ಸೆಂಟರ್ 1,58,172. ಅಷ್ಟೇನೂ ವ್ಯತ್ಯಾಸ ಇಲ್ಲ. ಕ್ಲೆಮ್ಸನ್‌ನಿಂದ ಗ್ರೀನ್‌ವಿಲ್ ಸುಮಾರು 50 ಕಿಲೋಮೀಟರ್, ಅಟ್ಲಾಂಟಾ ಎರಡು ಗಂಟೆ ದಾರಿ. ಸ್ಟೇಟ್ ಕಾಲೇಜ್‌ನಿಂದ ಪಿಟ್ಸ್‌ಬರ್ಗ್‌ಗೆ ಎರಡೂವರೆ ಗಂಟೆ, ಫಿಲಡೆಲ್ಫಿಯಾಗೆ ಮೂರು ಗಂಟೆಗೂ ಜಾಸ್ತಿ. ಊರು ಚಿಕ್ಕದು ಅಂತ ಯಾವುದನ್ನೂ ಬಿಡಬೇಡಿ. ಕೋರ್ಸು ನೋಡಿ ಅವನೇ ಆರಿಸಲಿ."